ಹೊಸ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆಯ ಪೆನ್‌ಡ್ರೈವ್ ಬೂಟ್ ಆಗುತ್ತೆ, ವೈಫೈ ಮಾತ್ರ ಕಾಣ್ತಿಲ್ಲ. ಯಾರಾದ್ರೂ ದಾರಿ ಹೇಳ್ರೀ

ಬೆಟಗೇರಿ_ಬ್ಯಾಷ್

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ಬರುವ ವಾರ ಮನೆಯಿಂದಲೇ ಆರ್‌ಎಚ್‌ಸಿಎಸ್‌ಎ, ಅಂದರೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆ, ಬರೆಯೋದಿದೆ. ಓದಿದ್ದರ ಬಗ್ಗೆ ಚಿಂತೆ ಇಲ್ಲ. ಲ್ಯಾಪ್‌ಟಾಪ್‌ದೇ ಚಿಂತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಪರೀಕ್ಷೆ ಬ್ರೌಸರ್‌ನಲ್ಲಿ ಬರೆಯುವಂಥದ್ದಲ್ಲ. ಅವರು ಕೊಡುವ ಇಮೇಜ್ (ಇಡೀ ಲಿನಕ್ಸ್ ಸಿಸ್ಟಮ್ ಇರುವ ಒಂದು ಫೈಲ್) ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಬೇಕು. ಒಳಗಿರುವ ವಿಂಡೋಸ್‌ಗೂ ಪರೀಕ್ಷೆಗೂ ಸಂಬಂಧವೇ ಇಲ್ಲ. ಮೊದಲೇ ಕಂಪ್ಯಾಟಿಬಿಲಿಟಿ ಟೆಸ್ಟ್ ಮಾಡಿ ನೋಡಿಕೊಳ್ಳಿ ಅಂತಾರೆ. ನಾನು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಲ್ಯಾಪ್‌ಟಾಪ್ ಇನ್ನೂ ಹೊಸ ವಾಸನೆ ಹೋಗಿಲ್ಲ. ರೈಜನ್ ಎಐ 300 ಸರಣಿ, ವೈಫೈ 7, ಒಎಲ್‌ಇಡಿ ಪರದೆ. ವಿಂಡೋಸ್‌ನಲ್ಲಿ ಎಲ್ಲಾ ಸರಿ ಇದೆ. ಪರೀಕ್ಷೆಯ ಪೆನ್‌ಡ್ರೈವ್ ಹಾಕಿದರೆ ಮೊದಲು ಬೂಟೇ ಆಗಲಿಲ್ಲ. ಕೆಂಪು ಚೌಕಟ್ಟಿನಲ್ಲಿ ಸೆಕ್ಯೂರಿಟಿ ಅಂತ ಏನೋ ಬಂತು. ಬಯಾಸ್‌ಗೆ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ ಪುಟ) ಹೋಗಿ, ಒಪ್ಪಿಗೆಯ ಸಹಿ ಇಲ್ಲದ್ದು ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಬೂಟ್ ಆಯ್ತು. ಈಗ ನೆಟ್‌ವರ್ಕ್ ಪಟ್ಟಿ ಖಾಲಿ. ಟಚ್‌ಪ್ಯಾಡ್ ಕೂಡ ಅಲ್ಲಾಡುತ್ತಿಲ್ಲ. ಯುಎಸ್‌ಬಿ ಮೌಸ್ ಹಾಕಿದರೆ ನಡೆಯುತ್ತೆ. ಲ್ಯಾಪ್‌ಟಾಪ್ ಎಷ್ಟು ತೆಳ್ಳಗಿದೆ ಅಂದ್ರೆ ಲ್ಯಾನ್ ಪೋರ್ಟೇ ಇಲ್ಲ.

ವಾಪಸ್ ಕೊಡಲಾ? ಪರೀಕ್ಷೆ ಮುಂದೆ ಹಾಕಲಾ? ತಲೆ ಕೆಟ್ಟು ಕೂತಿದ್ದೀನಿ.

ಬ್ಯಾಡಗಿ_ಖಾರ

ಲಿನಕ್ಸ್ ಪರೀಕ್ಷೆಗೆ ಅಂತ ಅಂಗಡಿಯಲ್ಲಿ ಇದ್ದದ್ದರಲ್ಲೇ ಹೊಸ ಲ್ಯಾಪ್‌ಟಾಪ್ ತಂದ್ರಾ? ಧೈರ್ಯ ಮೆಚ್ಚಬೇಕು ಬಿಡ್ರಿ.

ಉಣಕಲ್_ಅಡ್ಮಿನ್

ಖಾರಪ್ಪ, ಸುಮ್ನಿರು ಸ್ವಲ್ಪ.

ಬೆಟಗೇರಿಯವರೇ, ಗಾಬರಿ ಆಗಬೇಡಿ. ವಾಪಸ್ ಕೊಡುವಂಥದ್ದೇನೂ ಆಗಿಲ್ಲ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಪರೀಕ್ಷೆಯ ಇಮೇಜೂ ಕೆಟ್ಟಿಲ್ಲ. ಎರಡರ ವಯಸ್ಸು ಹೊಂದುತ್ತಿಲ್ಲ, ಅಷ್ಟೇ.

ಲಿನಕ್ಸ್‌ನಲ್ಲಿ ಡ್ರೈವರ್, ಅಂದರೆ ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂ, ಹೆಚ್ಚಾಗಿ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೇ ಬರುತ್ತೆ. ಚಿಪ್ ಮಾರುಕಟ್ಟೆಗೆ ಬಂದು, ಅದರ ಡ್ರೈವರ್ ಕರ್ನಲ್‌ಗೆ ಸೇರಿ, ಆ ಕರ್ನಲ್ ಇರುವ ಇಮೇಜ್ ನಿಮ್ಮ ಕೈಗೆ ಬರುವಷ್ಟರಲ್ಲಿ ಸಾಕಷ್ಟು ಕಾಲ ಹೋಗಿರುತ್ತೆ. ರೈಜನ್ ಎಐ 300 ಬಂದಿದ್ದೇ 2024ರ ಜುಲೈನಲ್ಲಿ. ಅದರ ಜೊತೆ ಬರುವ ವೈಫೈ 7 ಕಾರ್ಡ್ ಬಹಳ ಕಡೆ ಮೀಡಿಯಾಟೆಕ್ ಎಂಟಿ7925. ಅದರ ಡ್ರೈವರ್ ಮೂಲ ಕರ್ನಲ್‌ಗೆ ಸೇರಿದ್ದು 6.7ರಲ್ಲಿ, ಅಂದರೆ 2024ರ ಜನವರಿ. ಅದಕ್ಕಿಂತ ಹಳೇ ಕರ್ನಲ್‌ಗೆ ಆ ಕಾರ್ಡ್ ಇದೆ ಅಂತ ಕಾಣುತ್ತೆ, ಮಾತಾಡಿಸೋಕೆ ಬರಲ್ಲ.

ಮೊದಲು ನಿಮ್ಮಲ್ಲಿ ಇರೋದು ಅದೇ ಕಾರ್ಡಾ ಅಂತ ಖಚಿತ ಮಾಡಿಕೊಳ್ಳಿ. ಪರೀಕ್ಷೆಯ ಪೆನ್‌ಡ್ರೈವ್‌ಗೆ ಕೈ ಹಚ್ಚಬೇಡಿ. ಇನ್ನೊಂದು ಪೆನ್‌ಡ್ರೈವ್‌ಗೆ ಈಗಿನ ಫೆಡೋರಾ (ಇನ್ನೊಂದು ಲಿನಕ್ಸ್) ಹಾಕಿ, ಲೈವ್ ಬೂಟ್ ಮಾಡಿ, ಅಂದರೆ ಪೆನ್‌ಡ್ರೈವ್‌ನಿಂದಲೇ ಓಡಿಸಿ, ಇನ್‌ಸ್ಟಾಲ್ ಬೇಡ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎನ್‌ಎನ್‌ಕೆ ಆಪ್ಷನ್ ಕೊಡಿ. ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ಸಾಲು ನೋಡಿ. ಪಕ್ಕದಲ್ಲಿ ಚೌಕ ಕಂಸದಲ್ಲಿ ನಂಬರ್ ಇರುತ್ತೆ. ಅದರ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತಲೂ ಇರುತ್ತೆ. ಅದನ್ನು ಇಲ್ಲಿ ಹಾಕಿ.

ಸಪ್ತಾಪುರ_ಸ್ಟೂಡೆಂಟ್

ಸರ್, ಒಂದು ಡೌಟು. ರೆಡ್ ಹ್ಯಾಟ್ ಲಿನಕ್ಸ್ 9ರ ಕರ್ನಲ್ 5.14 ತಾನೇ? 6.7ಕ್ಕಿಂತ ಹಳೇದು. ಹಾಗಾದ್ರೆ ಹೊಸ ಕಾರ್ಡ್ ಯಾವುದೂ ಅದರಲ್ಲಿ ನಡೆಯೋದೇ ಇಲ್ವಾ?

ಉಣಕಲ್_ಅಡ್ಮಿನ್

ಒಳ್ಳೇ ಪ್ರಶ್ನೆ. ಅಲ್ಲೇ ಜಾಸ್ತಿ ಜನ ಎಡವೋದು. ರೆಡ್ ಹ್ಯಾಟ್‌ನವರು ನಂಬರ್ ಹಳೇದೇ ಇಟ್ಟು, ಹೊಸ ಡ್ರೈವರ್‌ಗಳನ್ನು ಹಿಂದಕ್ಕೆ ತಂದು ಸೇರಿಸುತ್ತಾ ಇರುತ್ತಾರೆ. ಹಾಗಾಗಿ 9.0ದ 5.14 ಬೇರೆ, ಆಮೇಲಿನ 9ರ ಬಿಡುಗಡೆಗಳ 5.14 ಬೇರೆ. 2025ರ ಮೇನಲ್ಲಿ ಬಂದ 10ರದ್ದು 6.12. ನಂಬರ್ ನೋಡಿ ತೀರ್ಮಾನ ಮಾಡಬೇಡಿ. ಆ ಇಮೇಜ್‌ನಲ್ಲಿ ಬೂಟ್ ಮಾಡಿದಾಗ ಕಾರ್ಡ್ ಎದ್ದರೆ ಇದೆ, ಏಳದಿದ್ದರೆ ಇಲ್ಲ. ಕಂಪ್ಯಾಟಿಬಿಲಿಟಿ ಟೆಸ್ಟ್ ಅಂತ ಇಟ್ಟಿರೋದು ಅದಕ್ಕೇ.

ಕೊಪ್ಪಿಕರ_ರಿಪೇರಿ

ವೈಫೈ ಮಾತು ಆಮೇಲೆ. ಬೆಟಗೇರಿ ಅಣ್ಣಾ, ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ವಿಂಡೋಸ್ ಒಮ್ಮೆ ಆನ್ ಮಾಡಿದ್ರಾ? ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳ್ತಾ?

ನಮ್ಮ ಅಂಗಡಿಗೆ ಇದೊಂದೇ ಕಾರಣಕ್ಕೆ ಜನ ಬರ್ತಾರೆ. ಮುಖ ಸಣ್ಣ ಮಾಡಿಕೊಂಡು "ಡೇಟಾ ಹೋಯ್ತಾ ಅಣ್ಣಾ" ಅಂತ ಕೇಳ್ತಾರೆ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಎನ್‌ಕ್ರಿಪ್ಷನ್ (ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್) ತಾನಾಗೇ ಆನ್ ಆಗಿರುತ್ತೆ, ಕೊಂಡವರಿಗೆ ಗೊತ್ತೇ ಇರಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಬದಲಾಯಿಸಿದರೆ ಬಿಟ್‌ಲಾಕರ್‌ಗೆ ಅನುಮಾನ ಬಂದು ಕೀ ಕೇಳುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟಪ್ ಮಾಡಿದ್ದರೆ ಕೀ ಅಲ್ಲೇ ಉಳಿದಿರುತ್ತೆ. ಫೋನ್‌ನಿಂದ ಲಾಗಿನ್ ಆಗಿ ನೋಡಬಹುದು. ಆದ್ರೆ ಆ ಅಕೌಂಟ್ ಅಂಗಡಿಯವನೇ ಯಾವುದೋ ಮೇಲ್ ಹಾಕಿ ಮಾಡಿಕೊಟ್ಟಿದ್ದರೆ? ಆಗ ಅಳೋದೊಂದೇ ಬಾಕಿ.

ಅದಕ್ಕೇ ಮೊದಲು ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ಬಯಾಸ್ ಮುಟ್ಟಿ. ಕೀ ಕೇಳಿ ನಿಂತಿದ್ದರೆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ ನೋಡಿ, ಸಾಮಾನ್ಯವಾಗಿ ಸುಮ್ನೆ ಒಳಗೆ ಹೋಗುತ್ತೆ.

ಬೆಟಗೇರಿ_ಬ್ಯಾಷ್

ಅಯ್ಯೋ, ಕೇಳಿತ್ತು ರೀ! ಎಸ್ಕೇಪ್ ಒತ್ತಿ ಆಫ್ ಮಾಡಿಬಿಟ್ಟಿದ್ದೆ. ಈಗ ಅಕೌಂಟ್‌ನಲ್ಲಿ ಕೀ ಸಿಕ್ತು. ಡೈರಿಯಲ್ಲಿ ಬರೆದಿಟ್ಟೆ. ನೀವು ಹೇಳದಿದ್ದರೆ ಪರೀಕ್ಷೆ ಬರೆದು ಬಂದ ಮೇಲೆ ಗೊತ್ತಾಗ್ತಿತ್ತು.

ಉಣಕಲ್_ಅಡ್ಮಿನ್

ಇನ್ನೊಂದು ವಿಷಯ. ಸೆಕ್ಯೂರ್ ಬೂಟ್ ಪೂರ್ತಿ ಆಫ್ ಮಾಡುವ ಅಗತ್ಯ ಎಲ್ಲಾ ಸಲ ಇರಲ್ಲ. ಲಿನಕ್ಸ್ ಇಮೇಜ್‌ನಲ್ಲಿ ಶಿಮ್ ಅಂತ ಒಂದು ಸಣ್ಣ ಬೂಟ್‌ಲೋಡರ್ (ಸಿಸ್ಟಮ್ ಶುರು ಮಾಡುವ ಪ್ರೋಗ್ರಾಂ) ಇರುತ್ತೆ. ಅದಕ್ಕೆ ಮೈಕ್ರೋಸಾಫ್ಟ್‌ನ ಥರ್ಡ್ ಪಾರ್ಟಿ ಯುಇಎಫ್‌ಐ ಸರ್ಟಿಫಿಕೇಟ್‌ನ ಸಹಿ ಇರುತ್ತೆ. ಈಚೆಗಿನ ಕೆಲವು ಲ್ಯಾಪ್‌ಟಾಪ್‌ಗಳು ಆ ಸರ್ಟಿಫಿಕೇಟನ್ನು ಒಪ್ಪದ ಹಾಗೆ ಸೆಟ್ ಆಗಿಯೇ ಬರುತ್ತವೆ. ಬಯಾಸ್‌ನ ಸೆಕ್ಯೂರಿಟಿ ಪುಟದಲ್ಲಿ ಥರ್ಡ್ ಪಾರ್ಟಿ ಸಿಎ (ಅದೇ ಸರ್ಟಿಫಿಕೇಟ್) ಅನುಮತಿಸು ಅನ್ನೋ ಅರ್ಥದ ಆಪ್ಷನ್ ಇದ್ದರೆ ಅದನ್ನು ಆನ್ ಮಾಡಿ. ಅಷ್ಟರಲ್ಲೇ ಬಹಳ ಸಲ ಮುಗಿಯುತ್ತೆ. ಇದನ್ನು ಬದಲಿಸಿದಾಗಲೂ ಬಿಟ್‌ಲಾಕರ್ ಕೀ ಕೇಳಬಹುದು, ಡೈರಿ ಹತ್ತಿರ ಇರಲಿ.

ಮೊದಲು ಬಂದ ಆ ಕೆಂಪು ಚೌಕಟ್ಟಿನಲ್ಲಿ ಎಸ್‌ಬಿಎಟಿ (ಹಳೇ ಶಿಮ್ ತಡೆಯುವ ವ್ಯವಸ್ಥೆ) ಅನ್ನೋ ಪದ ಕಂಡರೆ ಮಾತ್ರ ಕತೆ ಬೇರೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೇ ಶಿಮ್‌ಗಳನ್ನು ನಿಷೇಧದ ಪಟ್ಟಿಗೆ ಹಾಕಿತು. ಎಷ್ಟೋ ಜನರ ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ) ಆಗ ಕೆಟ್ಟಿತ್ತು. ಹಾಗೆ ಬಂದರೆ ಮೊದಲು ಇಮೇಜ್ ಮತ್ತೆ ಡೌನ್‌ಲೋಡ್ ಮಾಡಿ. ಹಿಂದೆ ಯಾವಾಗಲೋ ಇಳಿಸಿಟ್ಟದ್ದನ್ನೇ ಬಳಸಬೇಡಿ.

ಸಪ್ತಾಪುರ_ಸ್ಟೂಡೆಂಟ್

ನನ್ನದೊಂದು ಐಡಿಯಾ. ಪರೀಕ್ಷೆಯ ಇಮೇಜ್‌ನ ಐಎಸ್‌ಒ ಫೈಲ್ ಬಿಚ್ಚಿ ಎಂಟಿ7925 ಡ್ರೈವರ್, ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪ್ರೋಗ್ರಾಂ) ಒಳಗೆ ತುರುಕಿ ಮತ್ತೆ ಕಟ್ಟಿದರೆ? ಯೂಟ್ಯೂಬ್‌ನಲ್ಲಿ ಹೇಗೆ ಅಂತ ಇದೆ.

ಉಣಕಲ್_ಅಡ್ಮಿನ್

ತಮ್ಮಾ, ಬೇಡ. ಅದು ಪರೀಕ್ಷೆಯವರ ಇಮೇಜ್. ಅದನ್ನು ತಿದ್ದಿ ಪರೀಕ್ಷೆಗೆ ಕೂತರೆ ಅದನ್ನು ರಿಪೇರಿ ಅನ್ನಲ್ಲ, ಕಾಪಿ ಅಂತಾರೆ. ಪಾಸಾದ ಮೇಲೂ ಸರ್ಟಿಫಿಕೇಟ್ ಹೋಗಬಹುದು. ಕಲಿಯೋಕೆ ಅಂತ ಮನೆಯಲ್ಲಿ ಫೆಡೋರಾ ಐಎಸ್‌ಒ ಬಿಚ್ಚಿ ಕಟ್ಟು, ಯಾರೂ ಬೇಡ ಅನ್ನಲ್ಲ.

ವರ್ಚುವಲ್ ಮಷಿನ್‌ನಲ್ಲಿ (ವಿಂಡೋಸ್ ಒಳಗೇ ಓಡುವ ನಕಲಿ ಯಂತ್ರ) ಆ ಇಮೇಜ್ ಓಡಿಸೋಣ ಅನ್ನೋ ಮಾತೂ ಬರುತ್ತೆ. ಅದೂ ನಡೆಯಲ್ಲ. ನಿಜವಾದ ಯಂತ್ರದ ಮೇಲೆ ನೇರವಾಗಿ ಬೂಟ್ ಆಗಬೇಕು.

ಕೊಪ್ಪಿಕರ_ರಿಪೇರಿ

ಹಾರ್ಡ್‌ವೇರ್ ಕಡೆಯಿಂದ ಒಂದು ದಾರಿ ಹೇಳ್ತೀನಿ. ವೈಫೈ ಕಾರ್ಡ್ ಬೆಸುಗೆ ಹಾಕಿರದೆ ಎಂ.2 ಸ್ಲಾಟ್‌ನಲ್ಲಿದ್ದರೆ ಬಿಚ್ಚಿ ಇಂಟೆಲ್ ಎಎಕ್ಸ್210 ಹಾಕಬಹುದು. ಅದಕ್ಕೆ ಲಿನಕ್ಸ್‌ನಲ್ಲಿ ಬಹಳ ಹಿಂದೆಯೇ ಡ್ರೈವರ್ ಬಂದಿದೆ. ಎಎಂಡಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತೆ. ಎಎಕ್ಸ್211 ಅಂತ ಇನ್ನೊಂದು ಸಿಗುತ್ತೆ, ಹೆಸರು ಹತ್ತಿರ ಇದೆ ಅಂತ ಅದನ್ನು ತರಬೇಡಿ. ಅದು ಇಂಟೆಲ್ ಪ್ರೊಸೆಸರ್ ಇರುವ ಯಂತ್ರಕ್ಕೆ ಮಾತ್ರ.

ಆದ್ರೆ ನನ್ನನ್ನು ಕೇಳಿದರೆ ಹೊಸ ಲ್ಯಾಪ್‌ಟಾಪ್‌ನ ತಳ ಬಿಚ್ಚಬೇಡಿ. ವಾರಂಟಿ ಗಲಾಟೆ ಯಾಕೆ? ಯುಎಸ್‌ಬಿ ಲ್ಯಾನ್ ಅಡಾಪ್ಟರ್ ತಗೊಳ್ಳಿ, ಮುಗೀತು. ನನ್ನ ವ್ಯಾಪಾರ ನಾನೇ ಕೆಡಿಸಿಕೊಳ್ತಿದ್ದೀನಿ ನೋಡ್ರಿ.

ಬೆಟಗೇರಿ_ಬ್ಯಾಷ್

ಫೆಡೋರಾ ಹಾಕಿ ನೋಡಿದೆ. ಅಡ್ಮಿನ್ ಸರ್ ಹೇಳಿದ್ದೇ ಸರಿ. ನಂಬರ್ 14ಸಿ3:7925, ಡ್ರೈವರ್ ಎಂಟಿ7925ಇ. ಫೆಡೋರಾದಲ್ಲಿ ವೈಫೈ, ಟಚ್‌ಪ್ಯಾಡ್ ಎರಡೂ ಚಕಾಚಕ್ ನಡೆಯುತ್ತವೆ. ಪರೀಕ್ಷೆಯ ಪೆನ್‌ಡ್ರೈವ್‌ನಲ್ಲಿ ಎರಡೂ ಇಲ್ಲ.

ಒಂದು ಪ್ರಯೋಗ ಮಾಡಿದೆ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಪರೀಕ್ಷೆಯ ಇಮೇಜ್‌ಗೆ ನೆಟ್ ಸಿಗುತ್ತೆ! ಹಾಗೇ ಬರೆದುಬಿಡಲಾ?

ಹಾವೇರಿ_ಅಕ್ಕ

ಬೇಡ ತಮ್ಮಾ. ನಾನು ಇದೇ ಪರೀಕ್ಷೆ ಮನೆಯಿಂದ ಬರೆದು ಪಾಸಾದವಳು. ಫೋನ್ ನಿನ್ನ ಕೈಗೆ ಸಿಗುವ ಜಾಗದಲ್ಲೇ ಇರಬಾರದು. ಟೇಬಲ್ ಮೇಲೆ ಫೋನ್ ಕಂಡರೆ ಕ್ಯಾಮೆರಾದಲ್ಲಿ ನೋಡ್ತಿರುವ ಪ್ರಾಕ್ಟರ್ (ಮೇಲ್ವಿಚಾರಕರು) ಸುಮ್ಮನಿರಲ್ಲ. ಟೆದರಿಂಗ್‌ನಿಂದ ನೆಟ್ ಬಂತು ಅಂದ್ರೆ ಯುಎಸ್‌ಬಿ ದಾರಿ ಸರಿ ಇದೆ ಅಂತ ಗೊತ್ತಾಯ್ತು. ಅಷ್ಟಕ್ಕೆ ಬಳಸು, ಪರೀಕ್ಷೆಗೆ ಲ್ಯಾನ್ ಕೇಬಲ್ ಎಳಿ.

ನಮ್ಮ ಮನೆಯಲ್ಲಿ ಫೈಬರ್ ಡಬ್ಬಿ ಪಡಸಾಲೆಯಲ್ಲಿದೆ. ಪರೀಕ್ಷೆ ಬರೆದ ಕೋಣೆ ಹಿಂದೆ. ಬಾಗಿಲ ಸಂದಿಯಲ್ಲಿ ಕೇಬಲ್ ಹಾಕಿದರೆ ಬಾಗಿಲು ಪೂರ್ತಿ ಮುಚ್ಚಲ್ಲ, ಮುಚ್ಚಿಯೇ ಇರಬೇಕು ಅಂತಾರೆ. ಕೊನೆಗೆ ಕಿಟಕಿಯ ಸರಳಿನ ನಡುವೆ ಹಾಯಿಸಿ, ಹೊರಗಿನಿಂದ ಗೋಡೆಗುಂಟ ತಂದೆವು. ನಮ್ಮ ಅತ್ತೆ ಅದರ ಮೇಲೆ ಬಟ್ಟೆ ಒಣಹಾಕಲು ಹೊರಟಿದ್ದರು!

ಇನ್ನು ಕ್ಯಾಮೆರಾ. ಲ್ಯಾಪ್‌ಟಾಪ್‌ನಲ್ಲಿ ಇರುವ ಕ್ಯಾಮೆರಾ ಸಾಲದು. ಬೇರೆ ವೆಬ್‌ಕ್ಯಾಮ್ ಬೇಕು, ಅದರ ವೈರ್ ಕಡಿಮೆ ಅಂದ್ರೂ ಒಂದು ಮೀಟರ್ ಇರಬೇಕು. ಮುಖ, ಕೈ, ಕೀಬೋರ್ಡ್, ಪರದೆ ಎಲ್ಲಾ ಒಟ್ಟಿಗೆ ಕಾಣುವ ಹಾಗೆ ಪಕ್ಕದಿಂದ ಇಡಬೇಕು. ನಾನು ಲಾಜಿಟೆಕ್ ಸಿ270 ಬಳಸಿದೆ. 720ಪಿ, ವೈರ್ ಒಂದೂವರೆ ಮೀಟರ್, ಲಿನಕ್ಸ್‌ನಲ್ಲಿ ಯಾವ ತಕರಾರೂ ಇಲ್ಲ. ಅದರ ಕ್ಲಿಪ್ ಮಾನಿಟರ್‌ಗೆ ಅಂತ ಮಾಡಿದ್ದು, ಸುಮ್ನೆ ಇಟ್ಟರೆ ನಿಲ್ಲಲ್ಲ. ಹಿಟ್ಟಿನ ಡಬ್ಬಿ ಮೇಲೆ ಇನ್ನೊಂದು ಡಬ್ಬಿ ಇಟ್ಟು, ಅದರ ಮುಚ್ಚಳದ ಅಂಚಿಗೆ ಸಿಗಿಸಿದೆ. ಸರಿಯಾದ ಜಾಗ ಸಿಕ್ಕ ಮೇಲೆ ಡಬ್ಬಿ ಸುತ್ತ ಟೇಬಲ್ ಮೇಲೆ ಚಾಕ್‌ಪೀಸ್‌ನಿಂದ ಗೆರೆ ಎಳೆದೆ. ಪರೀಕ್ಷೆ ದಿನ ಹುಡುಕಾಡೋದು ತಪ್ಪಿತು.

ಮೂರು ಗಂಟೆ ಪರೀಕ್ಷೆ. 300ಕ್ಕೆ 210 ಬೇಕು. ಆ ಹೊತ್ತಲ್ಲಿ ಮನೆಯವರು ಯಾರೂ ಒಳಗೆ ಬರಬಾರದು. "ಚಹಾ ತರ್ಲಾ?" ಅಂತ ಅವ್ವ ಬಾಗಿಲು ತೆಗೆದರೂ ಪರೀಕ್ಷೆ ನಿಲ್ಲಿಸಬಹುದು. ಒಳಗಿನಿಂದ ಚಿಲಕ ಹಾಕು.

ಕೊಪ್ಪಿಕರ_ರಿಪೇರಿ

ಅಡಾಪ್ಟರ್ ತಗೊಳ್ಳುವಾಗ ಡಬ್ಬಿ ಮೇಲಿನ ಕಂಪನಿ ಹೆಸರು ನೋಡಬೇಡಿ, ಒಳಗಿನ ಚಿಪ್ ನೋಡಿ. ರಿಯಲ್‌ಟೆಕ್ ಆರ್‌ಟಿಎಲ್8153 ಇಲ್ಲ ಏಎಸ್‌ಐಎಕ್ಸ್ ಎಎಕ್ಸ್88179. ಎರಡಕ್ಕೂ ಬಹಳ ಹಿಂದಿನಿಂದ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇದೆ. ಒಂದು ಗಿಗಾಬಿಟ್‌ನದೇ ಸಾಕು. 2.5 ಗಿಗಾಬಿಟ್ ಅಂತ ಮಿನುಗೋದನ್ನು ತರಬೇಡಿ, ಮತ್ತೆ ಅದೇ ಹೊಸ ಚಿಪ್ ಹಳೇ ಕರ್ನಲ್ ರಾಮಾಯಣ.

ಅಗ್ಗದ ಕೆಲವು ಅಡಾಪ್ಟರ್ ಚುಚ್ಚಿದ ಕೂಡಲೇ ಸಿಡಿ ಡ್ರೈವ್ ಅಂತ ತೋರಿಸಿಕೊಳ್ಳುತ್ತವೆ. ಒಳಗೆ ವಿಂಡೋಸ್ ಡ್ರೈವರ್ ತುಂಬಿರುತ್ತೆ. ವಿಂಡೋಸ್‌ನಲ್ಲಿ ಅನುಕೂಲ, ಲೈವ್ ಇಮೇಜ್‌ನಲ್ಲಿ ಕೆಲವು ಸಲ ಅಲ್ಲೇ ನಿಂತುಬಿಡುತ್ತೆ. ಅಂಗಡಿಯಲ್ಲೇ ಚುಚ್ಚಿ ನೋಡಿ. ಸಿಡಿ ಕಂಡರೆ ಬೇರೆ ಕೇಳಿ.

ಯುಎಸ್‌ಬಿ ಹಬ್ ಮೂಲಕ ಎಲ್ಲಾ ಹಾಕಬೇಡಿ. ಪೆನ್‌ಡ್ರೈವ್ ನೇರವಾಗಿ ಲ್ಯಾಪ್‌ಟಾಪ್‌ನ ಪೋರ್ಟ್‌ಗೆ.

ಬ್ಯಾಡಗಿ_ಖಾರ

ಪೆನ್‌ಡ್ರೈವ್, ಅಡಾಪ್ಟರ್, ವೆಬ್‌ಕ್ಯಾಮ್, ಮೌಸ್. ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಎರಡೋ ಮೂರೋ ತೂತು. ಲೆಕ್ಕ ಹಾಕಿದೀರಾ?

ಉಣಕಲ್_ಅಡ್ಮಿನ್

ಖಾರಪ್ಪ ಮೊದಲ ಸಲ ಉಪಯೋಗದ ಮಾತಾಡಿದ. ನಿಜ, ಲೆಕ್ಕ ಹಾಕಿ. ಹಬ್ ಬೇಕೇಬೇಕು ಅಂದ್ರೆ ಮೌಸ್ ಮತ್ತು ವೆಬ್‌ಕ್ಯಾಮ್ ಅದಕ್ಕೆ ಹಾಕಿ. ಪೆನ್‌ಡ್ರೈವ್ ಮತ್ತು ಲ್ಯಾನ್ ನೇರವಾಗಿ ಇರಲಿ. ಹಬ್ ಒಮ್ಮೆ ಕೈಕೊಟ್ಟರೂ ಸಿಸ್ಟಮ್ ಬೀಳಬಾರದು.

ಪೆನ್‌ಡ್ರೈವ್ ಬರೆಯೋಕೆ ಫೆಡೋರಾ ಮೀಡಿಯಾ ರೈಟರ್ ಬಳಸಿ. ವೆಂಟಾಯ್‌ನಲ್ಲಿ (ಒಂದೇ ಪೆನ್‌ಡ್ರೈವ್‌ಗೆ ಹಲವು ಇಮೇಜ್ ಹಾಕುವ ಸಾಫ್ಟ್‌ವೇರ್) ಹತ್ತು ಐಎಸ್‌ಒ ಜೊತೆ ಇದನ್ನೂ ಇಡಬೇಡಿ.

ಪರದೆ ಹೇಗಿದೆ? ಹೊಸ ಗ್ರಾಫಿಕ್ಸ್‌ಗೆ ಇಮೇಜ್‌ನಲ್ಲಿ ಫರ್ಮ್‌ವೇರ್ ಇಲ್ಲದಿದ್ದರೆ ಎಲ್ಲಾ ನಿಧಾನ ಆಗುತ್ತೆ, ಬೆಳಕು ಕಡಿಮೆ ಮಾಡೋಕೂ ಬರಲ್ಲ.

ಬೆಟಗೇರಿ_ಬ್ಯಾಷ್

ಹೌದು ಸರ್, ಬ್ರೈಟ್‌ನೆಸ್ ಬಟನ್ ಕೆಲಸ ಮಾಡ್ತಿಲ್ಲ. ಪೂರ್ತಿ ಬೆಳಕಲ್ಲೇ ಇದೆ, ಕಣ್ಣು ಕುಕ್ಕುತ್ತೆ. ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣ. ಕಿಟಕಿ ಸರಿಸುವಾಗ ಸ್ವಲ್ಪ ಎಳೆದಾಡುತ್ತೆ, ಟೈಪ್ ಮಾಡೋಕೆ ತೊಂದರೆ ಇಲ್ಲ.

ಉಣಕಲ್_ಅಡ್ಮಿನ್

ಟೈಪಿಂಗ್ ಸರಿ ಇದ್ದರೆ ಬಿಡಿ. ಈ ಪರೀಕ್ಷೆಯಲ್ಲಿ ಬಹುಪಾಲು ಕೆಲಸ ಟರ್ಮಿನಲ್‌ನಲ್ಲೇ. ಟರ್ಮಿನಲ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿಕೊಳ್ಳುವುದು ಕೈಗೆ ರೂಢಿ ಇರಲಿ.

ನನ್ನ ಅಭಿಪ್ರಾಯ ಕೇಳಿದರೆ ಒಂದು ಮಾತು. ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ, ಗ್ರಾಫಿಕ್ಸ್ ಅರ್ಧ. ಅಡಾಪ್ಟರ್ ಹಾಕಿ ಟೆಸ್ಟ್ ಪಾಸಾದರೆ ಇದರಲ್ಲೇ ಬರೆಯಬಹುದು. ಆದ್ರೆ ನಾಲ್ಕೈದು ವರ್ಷ ಹಳೇ ಇಂಟೆಲ್ ಲ್ಯಾಪ್‌ಟಾಪ್, ಲ್ಯಾನ್ ಪೋರ್ಟ್ ಇರುವಂಥದ್ದು, ಯಾರ ಹತ್ತಿರವಾದರೂ ಸಿಕ್ಕರೆ ಕಣ್ಣುಮುಚ್ಚಿ ಅದರಲ್ಲೇ ಬರೆಯಿರಿ. ಆಫೀಸ್‌ನಿಂದ ಹೊರಬಿದ್ದ ಹಳೇ ಥಿಂಕ್‌ಪ್ಯಾಡ್‌ನಂಥದ್ದು ಈ ಕೆಲಸಕ್ಕೆ ಬಂಗಾರ. ಹೊಸದರ ಸೊಗಸು ಪರೀಕ್ಷೆಯಲ್ಲಿ ಒಂದು ಅಂಕವನ್ನೂ ತರಲ್ಲ.

ಸಪ್ತಾಪುರ_ಸ್ಟೂಡೆಂಟ್

ನನ್ನ ರೂಮ್‌ಮೇಟ್‌ದು ಆಪಲ್ ಎಂ2 ಇದೆ. ಅದರಲ್ಲಿ? ಇನ್ನೊಬ್ಬನದು ಸ್ನ್ಯಾಪ್‌ಡ್ರಾಗನ್ ವಿಂಡೋಸ್ ಲ್ಯಾಪ್‌ಟಾಪ್.

ಉಣಕಲ್_ಅಡ್ಮಿನ್

ಎರಡರದ್ದೂ ಆರ್ಮ್ ಅನ್ನೋ ಬೇರೆ ಜಾತಿಯ ಪ್ರೊಸೆಸರ್. ಈ ಇಮೇಜ್ ಎಕ್ಸ್86-64ಕ್ಕೆ (ಇಂಟೆಲ್, ಎಎಂಡಿ ಜಾತಿ) ಮಾತ್ರ, ಬೂಟೇ ಆಗಲ್ಲ. ಅಡಾಪ್ಟರ್ ಹಾಕಿದರೂ ಇಲ್ಲ, ಬಯಾಸ್ ಬದಲಿಸಿದರೂ ಇಲ್ಲ.

ಕುಬರ್ನೆಟಿಸ್ ಅನ್ನೋ ಸರ್ವರ್ ಸಾಫ್ಟ್‌ವೇರ್‌ನ ಸಿಕೆಎ ಪರೀಕ್ಷೆ ಬರೆಯೋದಾದರೆ ಕತೆ ಬೇರೆ. ಅದು ನಿಮ್ಮ ಒಎಸ್ ಮೇಲೆ ಪಿಎಸ್‌ಐ ಸೆಕ್ಯೂರ್ ಬ್ರೌಸರ್‌ನಲ್ಲಿ ನಡೆಯುತ್ತೆ, ಎರಡು ಗಂಟೆ, 66 ಪರ್ಸೆಂಟ್ ಬೇಕು. ಅಲ್ಲಿ ತೊಂದರೆ ಡ್ರೈವರ್‌ದಲ್ಲ. ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳದ್ದು, ಆಫೀಸ್ ಲ್ಯಾಪ್‌ಟಾಪ್‌ನ ಫೈರ್‌ವಾಲ್‌ದು. ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ.

ಬೆಟಗೇರಿ_ಬ್ಯಾಷ್

ಅಪ್‌ಡೇಟ್. ಹುಬ್ಬಳ್ಳಿಗೆ ಹೋಗಿ ಕೊಪ್ಪಿಕರ ರಸ್ತೆಯಲ್ಲಿ ಆರ್‌ಟಿಎಲ್8153 ಅಡಾಪ್ಟರ್ ತಂದೆ. ಅಂಗಡಿಯವರ ಟೇಬಲ್ ಮೇಲೇ ಫೆಡೋರಾ ಬೂಟ್ ಮಾಡಿ ಚುಚ್ಚಿ ನೋಡಿದೆ. ಅವರು ನನ್ನನ್ನು ಪೊಲೀಸರು ನೋಡಿದ ಹಾಗೆ ನೋಡಿದರು. ಸಿಡಿ ಏನೂ ಬರಲಿಲ್ಲ. ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಆರ್8152 ಅಂತ ಸಾಲು ಬಂತು (8153ರ ಡ್ರೈವರ್ ಹೆಸರೇ ಅದು), ಹಸಿರು ದೀಪ ಹತ್ತಿತು.

ಮನೆಯಲ್ಲಿ ಕಂಪ್ಯಾಟಿಬಿಲಿಟಿ ಟೆಸ್ಟ್: ನೆಟ್‌ವರ್ಕ್ ಪಾಸ್, ಕ್ಯಾಮೆರಾ ಪಾಸ್, ಮೈಕ್ ಪಾಸ್. ಎಲ್ಲಾ ಹಸಿರು!

ಒಂದೇ ಅನುಮಾನ. ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗಿ ಬರುತ್ತೆ. ಇನ್ವರ್ಟರ್ ಇದೆ.

ಹಾವೇರಿ_ಅಕ್ಕ

ಇನ್ವರ್ಟರ್ ಇದ್ದರೂ ಕರೆಂಟ್ ಬದಲಾಗುವ ಆ ಒಂದು ಕ್ಷಣದಲ್ಲಿ ಫೈಬರ್ ಡಬ್ಬಿ ರೀಸ್ಟಾರ್ಟ್ ಆಗುತ್ತೆ. ಮತ್ತೆ ನೆಟ್ ಬರೋಕೆ ನಿಮಿಷಗಟ್ಟಲೆ ಬೇಕು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಡಬ್ಬಿಗೆ ಇಲ್ಲ. ರೂಟರ್‌ಗೆ ಅಂತಲೇ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗುತ್ತೆ, ಅದನ್ನು ನಡುವೆ ಹಾಕು. ಮೊದಲು ಡಬ್ಬಿಯ ಅಡಾಪ್ಟರ್ ಮೇಲೆ 12 ವೋಲ್ಟಾ ಬೇರೆಯಾ ಅಂತ ಓದು. ಹಾಕಿದ ಮೇಲೆ ಮೇನ್ ಸ್ವಿಚ್ ನೀನೇ ಆಫ್ ಮಾಡಿ ಆನ್ ಮಾಡಿ ನೋಡು. ದೀಪ ಆರದಿದ್ದರೆ ಸರಿ.

ಮತ್ತೆ, ಸ್ಲಾಟ್ ಯಾವತ್ತು? ಗಣಪತಿ ಹಬ್ಬದ ಹತ್ತಿರ ಅಲ್ಲ ತಾನೇ? ಓಣಿಯಲ್ಲಿ ಡಿಜೆ ಶುರುವಾದರೆ ಪ್ರಾಕ್ಟರ್‌ಗೂ ಕುಣಿಯುವ ಹಾಗಾಗುತ್ತೆ.

ಬೆಟಗೇರಿ_ಬ್ಯಾಷ್

ಹಬ್ಬ ಇಲ್ಲ ಅಕ್ಕಾ. ಪಕ್ಕದ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದಾರೆ. ಆ ದಿನ ಬೇಡ ಅಂತ ಮೇಸ್ತ್ರಿಗೆ ಹೇಳಿದ್ದೀನಿ, ಒಪ್ಪಿದ್ದಾರೆ. ಯುಪಿಎಸ್ ನಾಳೆ ಬರುತ್ತೆ.

ಉಣಕಲ್_ಅಡ್ಮಿನ್

ಯುಪಿಎಸ್ ಹಾಕಿದ ಮೇಲೆ ಟೆಸ್ಟ್ ಇನ್ನೊಮ್ಮೆ ಮಾಡಿ. ಅದೇ ಟೇಬಲ್, ಅದೇ ಕೇಬಲ್, ಅದೇ ಪೋರ್ಟ್, ಸ್ಲಾಟ್ ಇರುವ ಹೊತ್ತಿಗೇ. ವಿಂಡೋಸ್ ಅಥವಾ ಬಯಾಸ್ ಅಪ್‌ಡೇಟ್ ಅಲ್ಲಿವರೆಗೆ ಹಾಕಬೇಡಿ.

ಸಪ್ತಾಪುರ_ಸ್ಟೂಡೆಂಟ್

ಬೆಟಗೇರಿ ಅಣ್ಣಾ, ಪರೀಕ್ಷೆ ಮುಗಿದ ಮೇಲೆ ಆ ಅಡಾಪ್ಟರ್ ನನಗೆ ಕೊಡ್ತೀರಾ? ನನ್ನದು ಮುಂದಿನ ತಿಂಗಳು.

ಬೆಟಗೇರಿ_ಬ್ಯಾಷ್

ಕೊಡ್ತೀನಿ. ಧಾರವಾಡಕ್ಕೆ ಬಂದಾಗ ಜುಬಿಲಿ ಸರ್ಕಲ್ ಹತ್ತಿರ ಸಿಗಿ. ಬದಲಿಗೆ ಲೈನ್ ಬಜಾರಿಂದ ಕಾಲು ಕಿಲೋ ಪೇಡೆ ತರಬೇಕು.